ತವರಿಗೆ ಹೋದ ನೀಲಿ ಚುಕ್ಕಿ

ಮೊದಲ ಮೂರು ತಿಂಗಳು ನಮ್ಮ ಹಾಳೆಗಳೆಲ್ಲ ‘ಇಲ್ಲ’ ಎಂಬ ಒಂದೇ ಉತ್ತರದಿಂದ ತುಂಬಿದವು. ಪ್ರಶ್ನೆ ಹನ್ನೊಂದು: ‘ನೀವು ಯಾವುದಾದರೂ ಮಾದಕ ವಸ್ತುವನ್ನು ಬಳಸುತ್ತೀರಾ?’ ರಾಮನಗರದಲ್ಲಿ ಇಲ್ಲ, ಚನ್ನಪಟ್ಟಣದಲ್ಲಿ ಇಲ್ಲ, ಕನಕಪುರ ಮಾಗಡಿಗಳಲ್ಲೂ ಇಲ್ಲ. ದೊಡ್ಡಮಳೂರಿನ ಹತ್ತಿರ ಒಬ್ಬ ಅಜ್ಜಿ, ತನ್ನ ಬಸುರಿ ಸೊಸೆಯನ್ನು ಇಂಥ ಮಾತು ಕೇಳಿದ್ದಕ್ಕೆ, ನಾನು ಕೂತಿದ್ದ ಚಾಪೆಯನ್ನೇ ಒಂದು ಕಡೆಯಿಂದ ಸುತ್ತಲು ಶುರುಮಾಡಿದರು. ನಾನೇ ಎದ್ದು ಬಂದೆ.

ಬಸಿರಿನಲ್ಲಿ ಮತ್ತು ಹೆರಿಗೆಯಾದ ಮೇಲೆ ಮಾದಕ ವಸ್ತು ಬಳಸುವ ಹೆಂಗಸರಿಗೆ ನಮ್ಮ ಕಡೆ ಎಂಥ ಆರೈಕೆ ಸಿಗುತ್ತಿದೆ, ಎಂಥದ್ದು ಸಿಗಬೇಕು ಎಂದು ತಿಳಿಯುವುದು ನಮ್ಮ ಅಧ್ಯಯನದ ಕೆಲಸ. ಅದರ ಮುಖ್ಯಸ್ಥೆ ಒಬ್ಬ ಮನೋವೈದ್ಯೆ. ಮನೆಮನೆಗೆ ಹೋಗಿ ಕೇಳುವವಳು ನಾನು. ಅಂಥ ಹೆಂಗಸರೇ ಇಲ್ಲ ಎಂದಾದರೆ ಅಧ್ಯಯನಕ್ಕೆ ಬೀಗ ಹಾಕಿ ಮನೆಗೆ ಹೋಗಬಹುದಿತ್ತು. ನನಗೇನೂ ಬೇಜಾರಿರಲಿಲ್ಲ. ಬಸ್ಸು ಹತ್ತು, ಇಳಿ, ಕೇಳು, ‘ಇಲ್ಲ’ ಎಂದು ಬರೆದುಕೋ. ಅಷ್ಟರಲ್ಲಿ ಮಧ್ಯಾಹ್ನದ ಊಟ.

ಉತ್ತರ ಸಿಕ್ಕಿದ್ದು ರಾಮನಗರದ ಒಂದು ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಹೆಂಗಸರು ಬರಿಗೈ ಅದ್ದಿ ಎಳೆ ಹುಡುಕಿ ರಾಟೆಗೆ ಹಿಡಿಸುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಕೈ ನೀರಿನಲ್ಲೇ. ಬೆಂದ ಹುಳುವಿನ ವಾಸನೆಗೆ ನನಗೆ ಮೊದಲ ದಿನ ವಾಂತಿಯಾಗಿತ್ತು, ಆಮೇಲೆ ಆಗಲಿಲ್ಲ. ಅಲ್ಲಿ ಎಲ್ಲರಿಗಿಂತ ಹಿರಿಯ ಕೆಲಸಗಾರ್ತಿಯನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಆಕೆಗೂ ಹನ್ನೊಂದನೇ ಪ್ರಶ್ನೆ ಓದಿದೆ. ಆಕೆ ನಕ್ಕು, ಅದೆಲ್ಲ ಕಾಲೇಜು ಹುಡುಗರ ಕೆಲಸ ಎಂದರು. ಹಾಗನ್ನುತ್ತಲೇ ಸೊಂಟದ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಎರಡು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಪಕ್ಕದವಳಿಗೂ ಎರಡು ಕೊಟ್ಟರು.

ಏನದು ಎಂದು ಕೇಳಿದೆ.

“ಇದು ಡ್ರಗ್ಸ್ ಅಲ್ಲಮ್ಮ, ಇದು ಕೈಗೆ. ಇದಿಲ್ದಿದ್ರೆ ನೀರಿಗೆ ಕೈ ಹಾಕೋಕೇ ಆಗಲ್ಲ.”

ಪಟ್ಟಿಯ ಹಿಂದೆ ಬರೆದಿದ್ದನ್ನು ಓದಿದೆ. ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆ. ವೈದ್ಯರ ಚೀಟಿ ಇಲ್ಲದೆ ಕೊಡಬಾರದಂಥದ್ದು. ಮೂರು ತಿಂಗಳು ನಾನು ಊರೂರು ಅಲೆದು ಹುಡುಕುತ್ತಿದ್ದದ್ದು ಅವರ ಸೊಂಟದ ಚೀಲದಲ್ಲಿ, ಎಲೆಯಡಿಕೆಯ ಜೊತೆ ಇತ್ತು. ಅಂದು ಸಂಜೆ ಹನ್ನೊಂದನೇ ಪ್ರಶ್ನೆಯನ್ನು ಹೊಡೆದುಹಾಕಿ ಎರಡು ಹೊಸ ಪ್ರಶ್ನೆ ಬರೆದುಕೊಂಡೆ. ಕೈ ನೋವಿಗೆ ಏನು ತಗೊಳ್ತೀರಿ? ಒಂದು ದಿನ ತಗೊಳ್ಳದಿದ್ದರೆ ಏನಾಗುತ್ತೆ? ಎರಡನೆಯದಕ್ಕೆ ಹೆಂಗಸರು ಕೂತು ಉತ್ತರ ಹೇಳಿದರು. ಮೈಯೆಲ್ಲ ನುಲಿಯುತ್ತದೆ, ಮೂಗು ಸೋರುತ್ತದೆ, ಭೇದಿಯಾಗುತ್ತದೆ, ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತದೆ. ನಾನು ಬರೆದುಕೊಂಡೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅದಕ್ಕೇ ಯಾರೂ ಹೇಳಿರಲಿಲ್ಲ.

ಅದೇ ಶೆಡ್ಡಿನಲ್ಲಿ ಐದು ತಿಂಗಳ ಬಸುರಿ ಒಬ್ಬಳಿದ್ದಳು. ಮೊದಲ ಬಸಿರು. ಗಂಡ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಅತ್ತೆಮಾವ ಬೈರಾಪಟ್ಟಣದ ಕಡೆಯವರು, ಒಕ್ಕಲು ಮನೆತನ. ಅವಳು ಬಾಯಿಬಿಟ್ಟಿದ್ದು ನನ್ನ ನಾಲ್ಕನೇ ಭೇಟಿಯಲ್ಲಿ, ಶೆಡ್ಡಿನ ಹಿಂದೆ, ನೂಲಿನ ಲಡಿ ಒಣಗಿಸುವ ಜಾಗದಲ್ಲಿ. ದಿನಕ್ಕೆ ಎಂಟು ಮಾತ್ರೆ. ಬಸುರಿ ಎಂದು ಗೊತ್ತಾದ ದಿನವೇ ತಾನಾಗಿ ನಿಲ್ಲಿಸಿದ್ದಳಂತೆ. ಎರಡೇ ದಿನಕ್ಕೆ ಹೊಟ್ಟೆ ಕಿವುಚಿ, ಮಗು ಹೋಗೇಬಿಟ್ಟಿತು ಎಂದು ಹೆದರಿ ಮತ್ತೆ ನುಂಗಿದ್ದಳು. ಹೊಟ್ಟೆನೋವು ನಿಂತಿತಂತೆ. ನಿಂತಿದ್ದಕ್ಕೇ ತನಗೆ ಹೆಚ್ಚು ಹೆದರಿಕೆಯಾಯಿತು ಎಂದಳು.

ಅವಳನ್ನು ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ವೈದ್ಯೆ ಬೈಯಲಿಲ್ಲ. ಬಸಿರಿನಲ್ಲಿ ಇದನ್ನು ದಿಢೀರನೆ ನಿಲ್ಲಿಸಿದರೆ ಮಗುವಿಗೇ ಅಪಾಯ ಎಂದು ವಿವರಿಸಿದರು. ಈ ಮಾತ್ರೆಯ ಬದಲು ನಾಲಿಗೆಯ ಕೆಳಗೆ ಇಟ್ಟು ಕರಗಿಸುವ ಬೇರೆ ಔಷಧಿ, ಲೆಕ್ಕದ ಪ್ರಮಾಣದಲ್ಲಿ, ಎರಡು ವಾರಕ್ಕೊಮ್ಮೆ ಬಂದು ತೆಗೆದುಕೊಂಡು ಹೋಗಬೇಕು. ಹುಟ್ಟಿದ ಮಗು ಮೊದಲ ಕೆಲವು ದಿನ ಒದ್ದಾಡಬಹುದು. ತಾಯಿಯಿಂದ ಬರುತ್ತಿದ್ದದ್ದು ಹೊಕ್ಕುಳ ಬಳ್ಳಿಯೊಂದಿಗೆ ತಟ್ಟನೆ ನಿಂತುಹೋಗುತ್ತದಲ್ಲ, ಅದಕ್ಕೆ. ಹೆರಿಗೆ ಮಾಡಿಸುವವರಿಗೆ ಮುಂಚೆಯೇ ಗೊತ್ತಿದ್ದರೆ ಏನೂ ಭಯವಿಲ್ಲ, ನಾಲ್ಕೈದು ದಿನ ಕಣ್ಣಿಟ್ಟು ನೋಡಿಕೊಂಡರೆ ಸಾಕು ಎಂದರು.

ಒಪ್ಪಿಗೆ ಪತ್ರ ಓದಿ ಹೇಳುವುದು ನನ್ನ ಕೆಲಸ. ನಿಮ್ಮ ವಿಷಯ ಯಾರಿಗೂ ಹೇಳುವುದಿಲ್ಲ; ಜೀವಕ್ಕೆ ಅಪಾಯವಿದ್ದರೆ, ಚಿಕಿತ್ಸೆ ಮಾಡುವ ವೈದ್ಯರಿಗೆ ಮಾತ್ರ ಹೇಳುತ್ತೇವೆ. ಬೇಡವೆನಿಸಿದ ದಿನ ನಿಮ್ಮ ಹಾಳೆ ತೆಗೆಸಬಹುದು. ಸಹಿ ಹಾಕುವ ಮೊದಲು ಅವಳು ಒಂದೇ ಒಂದು ಮಾತು ಕೇಳಿದಳು.

“ಗಂಡನ ಮನೇವ್ರಿಗೆ ಗೊತ್ತಾದ್ರೂ ಎಂಗೋ ಬೈಸ್ಕೊಂಡು ಇರ್ತೀನಿ ಮೇಡಂ. ನಮ್ಮವ್ವಂಗೆ ಮಾತ್ರ ಗೊತ್ತಾಗ್ಬಾರ್ದು.”

ಕಾರಣವನ್ನೂ ಹೇಳಿದಳು. ಅವಳ ಚಿಕ್ಕವ್ವ ಹೆಂಡ ಕುಡಿಯುತ್ತಿದ್ದಳಂತೆ. ಒಂದೇ ಊರು, ಒಂದೇ ಬೀದಿ, ಒಡಹುಟ್ಟಿದ ತಂಗಿ. ಆದರೂ ಅವಳ ತಾಯಿ ಮಕ್ಕಳನ್ನು ಒಂದು ದಿನವೂ ಚಿಕ್ಕವ್ವನ ಕೈಗೆ ಎತ್ತಿಕೊಳ್ಳಲು ಕೊಟ್ಟವಳಲ್ಲ. ಅವ್ವ ಮನಸ್ಸಿನಿಂದ ಒಬ್ಬರನ್ನು ತೆಗೆದುಹಾಕಿದರೆ ಮುಗಿಯಿತು, ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದಳು. ಸರಿ, ನಾನು ಹೇಳುವುದಿಲ್ಲ ಎಂದೆ. ಆ ಪತ್ರ ಓದಿದವರಿಗೆಲ್ಲ ಹೇಳುವ ಮಾತೇ ಅದು, ಬಾಯಿಪಾಠವಾಗಿತ್ತು.

ಈಗ ನಮ್ಮ ಮುಂದಿದ್ದ ತೊಡಕು ಒಂದೇ. ಹೆರಿಗೆ ಮಾಡಿಸುವವರಿಗೆ ಗೊತ್ತಾಗಬೇಕು, ಮನೆಯವರಿಗೆ ಗೊತ್ತಾಗಬಾರದು. ಬಸುರಿಯ ಜೊತೆ ಎಲ್ಲ ಕಡೆ ಹೋಗುವುದು ತಾಯಿ ಕಾರ್ಡ್. ಅದನ್ನು ಅತ್ತೆ ಓದುತ್ತಾಳೆ, ನಾದಿನಿ ಓದುತ್ತಾಳೆ, ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗಿಯ ಕೈಲಿ ಓದಿಸುತ್ತಾರೆ. ಅದರಲ್ಲಿ ಬರೆದರೆ ಊರಿನ ಗೋಡೆ ಮೇಲೆ ಬರೆದ ಹಾಗೆ. ಮೂರು ಸಲ ಸಭೆ ಸೇರಿ, ಬಿಸ್ಕತ್ತು ತಿಂದು, ಕೊನೆಗೆ ಒಂದು ಉಪಾಯ ಮಾಡಿದೆವು. ಕಾರ್ಡಿನ ಹಿಂಬದಿಯ ಮೂಲೆಯಲ್ಲಿ ಒಂದು ನೀಲಿ ಚುಕ್ಕಿ. ಆ ಚುಕ್ಕಿ ಕಂಡರೆ ಹೆರಿಗೆ ಕೋಣೆಯ ನರ್ಸ್ ನಮಗೆ ಫೋನ್ ಮಾಡಬೇಕು, ಮಗುವನ್ನು ಐದು ದಿನ ಇಟ್ಟುಕೊಳ್ಳಬೇಕು. ನಾಲ್ಕೂ ತಾಲ್ಲೂಕುಗಳಲ್ಲಿ, ಯಾವ ಊರಿನ ಬಸುರಿ ಯಾವ ಆಸ್ಪತ್ರೆಗೆ ಸೇರುತ್ತಾಳೆ ಎಂದು ಗಂಡನ ಮನೆಯ ವಿಳಾಸದ ಮೇಲೆ ಪಟ್ಟಿ ಮಾಡಿ, ಆಯಾ ಆಸ್ಪತ್ರೆಯ ನರ್ಸುಗಳನ್ನು ಕೂರಿಸಿ ತರಬೇತಿ ಕೊಟ್ಟೆವು. ಪಟ್ಟಿ ಮಾಡಿದವಳು ನಾನೇ. ಅಂದವಾಗಿತ್ತು. ಊರು, ಗಂಡನ ಹೆಸರು, ಉಪಕೇಂದ್ರ, ಆಸ್ಪತ್ರೆ. ವೈದ್ಯೆ ಎರಡು ಸಲ ಹೊಗಳಿದರು.

ಎರಡು ತಿಂಗಳು ಅವಳು ತಪ್ಪದೆ ಬಂದಳು. ಎಂಟನೇ ತಿಂಗಳಿನಲ್ಲಿ ಒಂದು ಸೋಮವಾರ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಫೋನ್ ಮಾಡಿದರೆ ಗಂಡ ಎತ್ತುತ್ತಿದ್ದ. ನಾನು ಆಸ್ಪತ್ರೆಯ ಕಡೆಯವಳು, ರಕ್ತ ಪರೀಕ್ಷೆಯ ವಿಷಯ ಎಂದು ಸುಳ್ಳು ಹೇಳಿ ಅವಳೆಲ್ಲಿ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು.

“ಅವ್ರವ್ವನ ಮನೆಗೆ ಹೋದ್ಲಲ್ಲ ಮೇಡಂ, ಸೋಲೂರು ತಾವ. ಚೊಚ್ಚಲು ಅಲ್ವಾ.”

ಫೋನ್ ಇಟ್ಟು ಸ್ವಲ್ಪ ಹೊತ್ತು ನನ್ನ ಅಂದವಾದ ಪಟ್ಟಿಯನ್ನೇ ನೋಡಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಇದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ನಾನೇ ಏಳು ತಿಂಗಳಾಗುತ್ತಲೇ ಸೀಮಂತ ಮಾಡಿಸಿಕೊಂಡು, ಮಡಿಲು ತುಂಬಿಸಿಕೊಂಡು ಅವ್ವನ ಮನೆಗೆ ಹೋದವಳು. ನನ್ನ ಇಬ್ಬರು ಮಕ್ಕಳೂ ನನ್ನ ಗಂಡನ ವಿಳಾಸದಲ್ಲಿ ಹುಟ್ಟಿದವರಲ್ಲ. ನಾನು, ವೈದ್ಯೆ, ಸಭೆಯಲ್ಲಿ ಬಿಸ್ಕತ್ತು ತಿಂದ ಎಲ್ಲ ಹೆಂಗಸರೂ ತವರಿನಲ್ಲಿ ಹೆತ್ತವರು. ಎಲ್ಲರೂ ಕೂತು ಗಂಡನ ಮನೆಯ ವಿಳಾಸದ ಮೇಲೆ ಪಟ್ಟಿ ಮಾಡಿದ್ದೆವು. ಕಚೇರಿಯ ಕಾಗದ ಮುಂದಿಟ್ಟ ಕೂಡಲೇ ನಾವು ನಮ್ಮ ಮನೆಗಳನ್ನು ಮರೆತುಬಿಟ್ಟಿದ್ದೆವು. ನಗು ಬರಬೇಕಿತ್ತು, ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಬೇರೆಯವರ ಕಷ್ಟ ಬರೆದುಕೊಂಡು ಬರೆದುಕೊಂಡು ಒಳಗೆಲ್ಲ ಜೋಮು ಹಿಡಿದಿತ್ತು.

ಸೋಲೂರಿನ ಕಡೆಯ ಆಶಾ ಕಾರ್ಯಕರ್ತೆಯ ನಂಬರು ಹುಡುಕಲು ಎರಡು ದಿನ ಹಿಡಿಯಿತು. ಆಕೆಗೆ ಅವಳ ಮನೆ ಗೊತ್ತಿತ್ತು. ಹೆರಿಗೆಯಾಗಿ ನಾಲ್ಕನೇ ದಿನವಂತೆ. ದಿನಕ್ಕೆ ಮುಂಚೆಯೇ ನೋವು ಬಂದು, ನೆಲಮಂಗಲದ ರಸ್ತೆಯಲ್ಲಿ ಯಾವುದೋ ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿ, ಗಂಡು ಮಗು, ಎರಡೇ ದಿನಕ್ಕೆ ಮನೆಗೆ ಬಂದಾಗಿತ್ತು. ಆ ನರ್ಸಿಂಗ್ ಹೋಮಿನವರಿಗೆ ನೀಲಿ ಚುಕ್ಕಿಯ ಅರ್ಥ ಗೊತ್ತಿರಲು ಸಾಧ್ಯವಿರಲಿಲ್ಲ. ನಾವು ಅವರಿಗೆ ಹೇಳಿರಲೇ ಇಲ್ಲ. ಪೆನ್ನು ಸೋರಿದೆ ಎಂದುಕೊಂಡಿರುತ್ತಾರೆ.

“ಮಗ ಒಂದೇ ಸಮನೆ ಅಳ್ತಾ ಐತೆ ಕಣಕ್ಕ,” ಎಂದಳು ಆಶಾ. “ಮೊಲೆ ಕಚ್ತಾ ಇಲ್ಲ. ಬಾಲಗ್ರಹ ಅಂತ ನಿನ್ನೆ ತಾಯ್ತ ಕಟ್ಸವ್ರೆ.”

ರಾಮನಗರದಿಂದ ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ಸೋಲೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತು ಮಗುವಿನ ಲಕ್ಷಣಗಳ ಪಟ್ಟಿಯನ್ನು ಓದಿಕೊಂಡೆ. ಮಾಗಡಿಯಲ್ಲಿ ಬಸ್ಸು ಕಾಯುವಾಗ ಇಡ್ಲಿ ತಿಂದೆ, ಚೆನ್ನಾಗಿ ಹಸಿದಿತ್ತು. ಅದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಎಷ್ಟೋ ದಿನ ಆ ಇಡ್ಲಿಯ ನೆನಪು ನನ್ನನ್ನು ಚುಚ್ಚಿದೆ.

ಆಶಾ ಮನೆಯ ಮುಂದೆ ಕಾಯುತ್ತಿದ್ದಳು. ತೆಂಗಿನ ಮರಗಳ ನಡುವೆ ಶೀಟಿನ ಮನೆ, ಪಕ್ಕದಲ್ಲಿ ಎರಡು ಸೀಮೆಹಸು. ಹೊರಗಿನಿಂದ ಬಂದವರು ನೇರವಾಗಿ ಬಾಣಂತಿಯ ಕೋಣೆಗೆ ಹೋಗುವ ಹಾಗಿಲ್ಲ. ಅವಳ ತಾಯಿ ಚೊಂಬಿನಲ್ಲಿ ನೀರು ಕೊಟ್ಟರು, ಕಾಲು ತೊಳೆದು ಜಗಲಿಯ ಮೇಲೆ ಕೂತೆ. ತೆಳ್ಳಗಿನ, ನೇರ ಬೆನ್ನಿನ ಹೆಂಗಸು. ರಾಮನಗರದ ಆಸ್ಪತ್ರೆಯಿಂದ ಬಂದಿದ್ದೇನೆ ಎಂದದ್ದಕ್ಕೆ, ಅಷ್ಟು ದೂರದಿಂದ ಮಗಳನ್ನು ನೋಡಲು ಬಂದಿರಲ್ಲ ಎಂದು ಕಣ್ಣಲ್ಲಿ ನೀರು ತುಂಬಿಕೊಂಡರು. ಒಳಗಿನಿಂದ ಅಳು ಕೇಳುತ್ತಿತ್ತು. ನವಜಾತ ಮಗುವಿನ ಅಳು ಅಲ್ಲ ಅದು. ಗಂಟಲು ಕಟ್ಟಿ, ತೆಳುವಾಗಿ, ಮೇಲಿನ ಸ್ವರದಲ್ಲಿ, ಬಿಡುವಿಲ್ಲದೆ. ನಾನು ಮೂರು ನಿಮಿಷ ಕೂತೆ. ರೂಢಿ ಎಂದರೆ ರೂಢಿ.

ಕೋಣೆಯಲ್ಲಿ ಕತ್ತಲು, ಮೂಲೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ನನ್ನನ್ನು ಕಂಡ ಕೂಡಲೇ ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ. ಮಗುವನ್ನು ಮಡಿಲಿಗೆ ತೆಗೆದುಕೊಂಡು ಪಟ್ಟಿಯ ಪ್ರಕಾರ ನೋಡಿದೆ. ಗದ್ದ ನಡುಗುತ್ತಿತ್ತು. ಮುಷ್ಟಿ ಬಿಚ್ಚಿದರೆ ಕೈ ಅದುರುತ್ತಿತ್ತು. ಮೇಲಿಂದ ಮೇಲೆ ಸೀನು, ಆಕಳಿಕೆ. ಬೆರಳು ಬಾಯಿಗಿಟ್ಟರೆ ಸಿಕ್ಕಾಪಟ್ಟೆ ಚೀಪುತ್ತಿತ್ತು, ಮೊಲೆಗಿಟ್ಟರೆ ಹಿಡಿಯಲು ಆಗದೆ ಚೀರುತ್ತಿತ್ತು. ತೊಡೆಯ ಸಂದು ಭೇದಿಯಿಂದ ಕೆಂಪಾಗಿತ್ತು. ಪಟ್ಟಿಯಲ್ಲಿದ್ದದ್ದೆಲ್ಲ ಎದುರಿಗಿತ್ತು. ನಮ್ಮ ಪಟ್ಟಿ ಸರಿಯಾಗಿದೆ ಎಂದು ಅಂದುಕೊಂಡೆ, ಬೇರೇನೂ ಅಲ್ಲ.

ಅವಳ ತಾಯಿ ಕಾಯಿಸಿದ ನೀರು ತರಲು ಹೋದಾಗ ಅವಳು ಪಿಸುಮಾತಿನಲ್ಲಿ ಹೇಳಿದಳು. ನಾಲಿಗೆ ಕೆಳಗಿನ ಔಷಧಿ ಮುಗಿದುಹೋಗಿತ್ತು. ರಾಮನಗರಕ್ಕೆ ಹೋಗಿಬರುತ್ತೇನೆ ಎಂದರೆ ತುಂಬು ಬಸುರಿಯನ್ನು ಯಾರು ಬಿಡುತ್ತಾರೆ? ಶೆಡ್ಡಿನಿಂದ ತಂದಿದ್ದ ಹಳೆಯ ಮಾತ್ರೆಗಳನ್ನು ಮತ್ತೆ ನುಂಗಿದ್ದಳು, ಹೆರಿಗೆಯ ಹಿಂದಿನ ದಿನದವರೆಗೆ. ಮನೋವೈದ್ಯೆಗೆ ಫೋನ್ ಮಾಡಿದೆ. ತಕ್ಷಣ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಸೇರಿಸಿ, ಅವರಿಗೆ ಎಲ್ಲವನ್ನೂ ಹೇಳಿ ಎಂದರು. ಬಾಣಂತಿಯನ್ನು ಹೊರಗೆ ಕಳಿಸಲು ತಾಯಿ ಹಿಂದೆಮುಂದೆ ನೋಡಿದರು. ಆಶಾ ಜೋರು ಮಾಡಿ ಆಟೋ ತರಿಸಿದಳು. ಕಿವಿಗೆ ಹತ್ತಿ ಇಟ್ಟು, ಕಂಬಳಿ ಸುತ್ತಿ ಅವಳನ್ನು ಕೂರಿಸಿದೆವು. ಮಗು ಅಜ್ಜಿಯ ಮಡಿಲಿನಲ್ಲಿ. ಆ ದಾರಿಯಲ್ಲಿ ಅವಳು ನನ್ನ ಮುಂಗೈ ಹಿಡಿದುಕೊಂಡೇ ಕೂತಿದ್ದಳು. ಬೆರಳುಗಳ ತುದಿಯಲ್ಲಿ ಬೆಂದು ಬಿಳಿಚಿದ ಚರ್ಮ ಇನ್ನೂ ಹೋಗಿರಲಿಲ್ಲ.

ಆಸ್ಪತ್ರೆಯ ಹೆಸರು ಬೇಡ. ಮಕ್ಕಳ ವೈದ್ಯರು ಚಿಕ್ಕ ವಯಸ್ಸಿನವರು, ಚುರುಕು. ಮಗುವಿನ ಅಂಗಾಲು ತಟ್ಟಿ ನೋಡಿದರು, ಜ್ವರ ನೋಡಿದರು. ಬಾಣಂತಿ ಬೆಂಚಿನ ಮೇಲೆ, ಅವಳ ಪಕ್ಕ ಅವಳ ತಾಯಿ, ತಾಯಿಯ ಪಕ್ಕ ನಾನು. ಬಸಿರಿನಲ್ಲಿ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ ಎಂದು ಅವಳನ್ನು ಕೇಳಿದರು.

ಅವಳು ಇಲ್ಲ ಎಂದಳು.

ವೈದ್ಯರು ಇನ್ನೊಮ್ಮೆ ಕೇಳಿದರು, ಮೆಲ್ಲಗೆ. ಕಬ್ಬಿಣದ ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದು ನೆಲ ನೋಡುತ್ತ ಹೇಳಿದಳು. ಹಾಗಾದರೆ ಇದು ಮಿದುಳಿನ ಸೋಂಕು ಇರಬಹುದು, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು, ಮಗುವನ್ನು ತಾಯಿಯಿಂದ ಬೇರೆ ಮಾಡಿ ಒಳಗೆ ಇಡುತ್ತೇವೆ ಎಂದು ವೈದ್ಯರು ನರ್ಸಿಗೆ ಹೇಳಲು ತಿರುಗಿದರು. ತಾಯಿಯಿಂದ ಬೇರೆ ಮಾಡುವುದು ಇಂಥ ಮಗುವಿಗೆ ಮಾಡಬಾರದ ಕೆಲಸ ಎಂದು ನನ್ನ ಪಟ್ಟಿಯಲ್ಲಿ ಕೆಂಪು ಗೆರೆ ಎಳೆದು ಬರೆದಿತ್ತು.

“ನೋವಿನ ಮಾತ್ರೆ ಸರ್,” ಎಂದೆ. “ದಿನಕ್ಕೆ ಎಂಟು. ಮೂರು ವರ್ಷದಿಂದ, ನಡುವೆ ಎರಡು ತಿಂಗಳು ಬಿಟ್ಟು. ಹೆರಿಗೆಯ ಹಿಂದಿನ ದಿನದವರೆಗೂ.” ಮಾತ್ರೆಯ ಹೆಸರನ್ನೂ ಹೇಳಿದೆ.

ಅವಳ ತಾಯಿ ನನ್ನ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. ಮಡಿಲಿನಲ್ಲಿದ್ದ ಮಗುವಿನ ಬಟ್ಟೆ ಸರಿಪಡಿಸಿದರು. ವೈದ್ಯರು ನರ್ಸನ್ನು ತಡೆದು, ಒಳ್ಳೆಯದಾಯಿತು ಹೇಳಿದ್ದು ಎಂದರು.

ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಆ ಕೋಣೆಯ ಬಾಗಿಲು ನಾನು ಕೂತಲ್ಲಿಂದ ಮೂರು ಹೆಜ್ಜೆ ದೂರವಿತ್ತು. ಸರ್, ಒಂದು ನಿಮಿಷ ಹೊರಗೆ ಬನ್ನಿ ಎಂದಿದ್ದರೆ ಸಾಕಾಗಿತ್ತು. ಅಥವಾ ಮಗುವಿನ ಬಟ್ಟೆ ತಗೊಂಡು ಬನ್ನಿ ಅಮ್ಮ ಎಂದು ಆಕೆಯನ್ನು ಆಟೋ ಹತ್ತಿರ ಕಳಿಸಬಹುದಿತ್ತು. ವೈದ್ಯರಿಗೆ ಮಾತ್ರ ಹೇಳುತ್ತೇವೆ ಎಂಬ ಪತ್ರವನ್ನು ಓದಿ ಓದಿ ಬಾಯಿಪಾಠ ಮಾಡಿದ್ದವಳು ನಾನು. ಆ ‘ಮಾತ್ರ’ ಎಂಬ ಪದದಲ್ಲಿ ಅವಳ ಇಡೀ ಬದುಕು ನಿಂತಿತ್ತು. ಆಗ ಹೊಳೆಯಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಹೊಳೆದಿತ್ತೋ ಏನೋ. ಎದ್ದು ನಿಲ್ಲಬೇಕಲ್ಲ ಎನಿಸಿತ್ತು. ಸುಸ್ತಾಗಿತ್ತು.

ಆಮೇಲಿನದು ಸುಲಭ. ಬೆನ್ನಿಗೆ ಸೂಜಿ ಚುಚ್ಚಲಿಲ್ಲ. ಮಗುವನ್ನು ಅವಳ ಎದೆಯ ಮೇಲೆಯೇ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಮೇಲೆ ಬಟ್ಟೆ ಸುತ್ತಿದರು. ವಾರ್ಡಿನ ಮೂಲೆಯ ಹಾಸಿಗೆ ಕೊಟ್ಟು ಮೇಲಿನ ಟ್ಯೂಬ್‌ಲೈಟ್ ಆರಿಸಿದರು. ಎರಡು ದಿನ ಹನಿ ಲೆಕ್ಕದಲ್ಲಿ ಔಷಧಿ. ಅವಳಿಗೆ ನಾಲಿಗೆ ಕೆಳಗಿನ ಮಾತ್ರೆ ಮತ್ತೆ ಶುರುವಾಯಿತು, ಅದನ್ನು ತೆಗೆದುಕೊಳ್ಳುತ್ತಲೇ ಹಾಲು ಕೊಡಬಹುದು ಎಂದರು. ಮೂರನೇ ದಿನ ಮಗು ಮೊಲೆ ಹಿಡಿಯಿತು. ಏಳನೇ ದಿನ ಮೂರು ಗಂಟೆ ಒಂದೇ ನಿದ್ದೆ ಮಾಡಿತು. ನಾನು ದಿನವೂ ಹೋಗಿ ನಮೂನೆ ತುಂಬುತ್ತಿದ್ದೆ. ನಾನು ಹೋದ ಕೂಡಲೇ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಮನೆಗೆ ಕಳಿಸುವ ದಿನ ವೈದ್ಯರು ಮುಂದಿನ ಆರೈಕೆ ವಿವರಿಸಿದರು. ಬೆಳಕು ಕಡಿಮೆ ಇರಲಿ, ಗದ್ದಲ ಬೇಡ, ನೆಂಟರು ಬೇಡ. ಬೆಚ್ಚಗೆ, ಬಿಗಿಯಾಗಿ ಬಟ್ಟೆ ಸುತ್ತಿ. ತಾಯಿ ಮಗು ಒಂದೇ ಕಡೆ ಇರಲಿ, ತಾಯಿಗೆ ಬೇರೆ ಕೆಲಸ ಕೊಡಬೇಡಿ. ಅವಳ ತಾಯಿ ಆ ಒಂಬತ್ತು ದಿನದಲ್ಲಿ ಮೊದಲ ಸಲ ಬಾಯಿ ತೆರೆದರು.

“ಇದು ಬಾಣಂತನನೇ ಅಲ್ವಾ ಸ್ವಾಮಿ? ಐದು ತಿಂಗ್ಳು ಮಾಡ್ತೀನಿ ಬುಡಿ.”

ಹೊಗೆ ಮಾತ್ರ ಹಾಕಬೇಡಿ ಅಮ್ಮ ಎಂದರು ವೈದ್ಯರು. ನಾನು ಅದನ್ನು ಹಾಗೆಯೇ ಬರೆದುಕೊಂಡೆ. ನಾವು ಯಾವ ಆರೈಕೆಗಾಗಿ ಆಸ್ಪತ್ರೆಯ ಗೋಡೆಗಳ ನಡುವೆ ಜಾಗ ಹುಡುಕುತ್ತಿದ್ದೆವೋ ಅದು ಪ್ರತಿ ಮನೆಯ ಹಿಂದಿನ ಕೋಣೆಯಲ್ಲಿ ಆಗಲೇ ನಡೆಯುತ್ತಿತ್ತು. ಕತ್ತಲು, ಬೆಚ್ಚನೆ, ಜನರ ಕಣ್ಣಿಗೆ ಬೀಳದ ತಾಯಿ ಮಗು, ಯಾಕೆ ಎಂದು ಯಾರೂ ಕೇಳದ ಐದು ತಿಂಗಳು. ಮನೋವೈದ್ಯೆಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತರು. ಇಡೀ ಅಧ್ಯಯನದಲ್ಲಿ ಇದೊಂದು ಸಾಕು ಎಂದರು. ಪಟ್ಟಿಯನ್ನೆಲ್ಲ ತವರಿನ ವಿಳಾಸಕ್ಕೆ ತಿದ್ದಿದೆವು. ವರದಿಯಲ್ಲಿ ಅವಳದ್ದೇ ಒಂದು ಅಧ್ಯಾಯವಾಯಿತು.

ಐದು ತಿಂಗಳು, ಎರಡು ವಾರಕ್ಕೊಮ್ಮೆ ನಾನೇ ಔಷಧಿ ಕೊಂಡೊಯ್ದೆ. ಅದು ಅವಳ ತಾಯಿಯ ಕೈಗೇ ಹೋಗುತ್ತಿತ್ತು. ಆಕೆ ಅಳಿಯನಿಗೆ ಹೇಳಲಿಲ್ಲ, ಬೀಗರಿಗೆ ಹೇಳಲಿಲ್ಲ, ಕೇಳಿದವರಿಗೆ ಮಗಳಿಗೆ ರಕ್ತ ಕಡಿಮೆ ಎಂದರು. ಬಾಣಂತನದಲ್ಲಿ ಒಂದು ದಿನವೂ ಕೊರತೆ ಮಾಡಲಿಲ್ಲ. ಬೆಳ್ಳುಳ್ಳಿ ಸಾರು, ಬಿಸಿನೀರು, ಎಣ್ಣೆ ಎಲ್ಲವೂ ಹೊತ್ತಿಗೆ ಸರಿಯಾಗಿ. ಬೆಳಗ್ಗೆ ಮಾತ್ರೆ ಕೊಟ್ಟು ಕರಗುವವರೆಗೂ ಎದುರಿಗೇ ಕೂತಿರುತ್ತಿದ್ದರು. ಆಮೇಲೆ ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಮಗಳ ಬಟ್ಟೆಯ ಗಂಟು, ದಿಂಬಿನ ಕೆಳಗೆ, ರಾಗಿ ಡಬ್ಬ ಎಲ್ಲವನ್ನೂ ದಿನವೂ ತಡಕುತ್ತಿದ್ದರು. ಹಾಲು ಕುಡಿಸಿ ಆದ ಕೂಡಲೇ ಬಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಮಗಳ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತು, ಅಷ್ಟೇ. ಅಧ್ಯಾಯದಲ್ಲಿ ಇದನ್ನು ನಾವು ‘ಕುಟುಂಬದ ನಿಗಾ ಉತ್ತಮವಾಗಿದೆ’ ಎಂದು ಬರೆದಿದ್ದೆವು.

ವರದಿ ಮುಗಿಸುವ ಮುನ್ನ ಕೊನೆಯ ಭೇಟಿ. ಮಾರನೆಯ ದಿನ ಗಂಡನ ಮನೆಯವರು ಕರೆದೊಯ್ಯಲು ಬರುವವರಿದ್ದರು. ಮಗು ಚಾಪೆಯ ಮೇಲೆ ಬೋರಲು ಬಿದ್ದು ತಲೆ ಎತ್ತಿ ನೋಡುತ್ತಿತ್ತು. ಕೈ ಚಾಚಿ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡಿತು. ಹಿಡಿತ ಗಟ್ಟಿ, ನಡುಕವಿಲ್ಲ. ಅವಳ ತಾಯಿ ಹಸು ಕರೆಯಲು ಹೋಗಿದ್ದರು. ಬೆಳಕಿನಲ್ಲಿ ಅವಳನ್ನು ನೋಡಿ ಐದು ತಿಂಗಳಾಗಿತ್ತು. ಬೆರಳುಗಳು ಸರಿಹೋಗಿದ್ದವು. ಅವಳಿಗೆ ಅಧ್ಯಾಯವನ್ನು ಓದಿ ಹೇಳಿದೆ. ಹೆಸರಿಲ್ಲ, ಊರಿಲ್ಲ ಎಂದು ತೋರಿಸಿದೆ. ಎಷ್ಟೋ ಬಾಣಂತಿಯರಿಗೆ ಇದರಿಂದ ಅನುಕೂಲವಾಗುತ್ತದೆ ಎಂದೆ. ಒಂದು ಸಹಿ ಬೇಕಾಗಿತ್ತು.

ಅವಳು ಪೆನ್ನು ಮುಟ್ಟಲಿಲ್ಲ. ಜಗಳದ ದನಿಯೇ ಇಲ್ಲದೆ ಮಾತಾಡಿದಳು.

“ನೀವು ಹೇಳ್ದೆ ಇದ್ದಿದ್ರೆ ನನ್ ಮಗ ಉಳೀತಿರ್ಲಿಲ್ವೇನೋ. ಅದು ನಂಗೆ ಗೊತ್ತೈತೆ ಮೇಡಂ. ಆದ್ರೆ ನಮ್ಮವ್ವ ಈ ಮಗೀನ ನನ್ ಕೈಗೆ ಕೊಡೋವಾಗ ದಿನಾ ಎರಡು ಸಲ ನನ್ ಮುಖ ನೋಡ್ತಾಳೆ. ಚಿಕ್ಕವ್ವನ್ನ ನೋಡ್ತಿದ್ಲಲ್ಲ, ಅಂಗೆ.”

ಮೂರು ಹೆಜ್ಜೆಯ ವಿಷಯ ಅವಳೂ ಎಷ್ಟು ಸಲ ಯೋಚಿಸಿರಬಹುದು ಎಂದು ಆ ಐದು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಹೊಳೆಯಿತು. ಎದೆಯಲ್ಲಿ ನೋವಾಯಿತು, ನಿಜವಾದ ನೋವು. ಕೈಕಾಲಿಗೆ ಹಿಡಿದ ಜೋಮು ಬಿಡುವಾಗ ಆಗುತ್ತದಲ್ಲ, ಹಾಗೆ.

“ನನ್ ಹಾಳೆ ತೆಗ್ದುಬುಡಿ,” ಎಂದಳು. “ಬೇಡ ಅನ್ಸಿದ್ ದಿನ ತೆಗಿಸ್ಬೋದು ಅಂತ ನೀವೇ ಓದಿದ್ರಿ.”

ಅದೊಂದನ್ನೇ ನಂಬಿ ವರದಿ ನಿಂತಿದೆ ಎಂದು ಹೇಳಲು ಬಾಯಿವರೆಗೆ ಬಂತು. ಹೇಳಲಿಲ್ಲ. ಅವಳ ಒಪ್ಪಿಗೆ ಪತ್ರ, ಐದು ತಿಂಗಳ ನಮೂನೆಗಳು, ಅಧ್ಯಾಯದ ಪುಟಗಳು, ಎಲ್ಲವನ್ನೂ ಬ್ಯಾಗಿನಿಂದ ತೆಗೆದು ಅವಳ ಮುಂದೆ ಇಟ್ಟೆ. ಕಚೇರಿಯಲ್ಲಿರುವ ಪ್ರತಿಯನ್ನು ನಾಳೆಯೇ ಅಳಿಸುತ್ತೇನೆ ಎಂದೆ. ಅಳಿಸಿದೆ ಕೂಡ. ಮನೋವೈದ್ಯೆ ಆ ಮಧ್ಯಾಹ್ನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಅವಳು ಕಾಗದಗಳನ್ನು ಮಡಿಸಿ ಒಲೆಯ ಹತ್ತಿರ ಇಟ್ಟು ಬಂದಳು. ನಾನು ಎದ್ದೆ. ಹೊಸಲು ದಾಟುವಾಗ ತಿರುಗಿ, ಇಂಥ ಇನ್ನೊಬ್ಬ ಬಾಣಂತಿಗೆ ಇದು ಗೊತ್ತಾಗಬೇಕಲ್ಲ, ಎಂಗೆ ಹೇಳಲಿ ಎಂದು ಕೇಳಿದೆ. ನನ್ನ ಬಾಯಲ್ಲೂ ಊರಿನ ಮಾತೇ ಬಂದಿತ್ತು. ಅವಳು ಮಗುವನ್ನು ಎತ್ತಿಕೊಂಡು, ಅದರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, ಹೊರಗೆ ಹಾಲಿನ ಚೊಂಬಿನ ಸದ್ದು ಕೇಳುತ್ತದೆಯೇ ಎಂದು ಒಂದು ಗಳಿಗೆ ಕಿವಿಗೊಟ್ಟಳು.

“ನಾನ್ ಮಾಡಿದ್ದು ಬರೀಬೇಡಿ ಮೇಡಂ,” ಎಂದಳು. “ನೀವ್ ಮಾಡಿದ್ದು ಬರೀರಿ.”